ನರೆತ ಹಲಗೆ, ನೆನೆದ ಬುಡ

ಹಡಗಲಿ ಸೀಮೆಯಲ್ಲಿ ಹಲಗೆಯ ಮನೆ ಕಟ್ಟುವ ರೂಢಿ ಇಲ್ಲ. ಹೊಳಲಿನಂಥ ಊರಿನ ಹಳೆಯ ಮನೆ ಎಂದರೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಂಬ, ತೊಲೆ, ಜಂತಿ ಎಲ್ಲವೂ ಒಳಗೆ, ನೆರಳಲ್ಲಿ. ಬಿಸಿಲಿಗೆ ಮೈಯೊಡ್ಡಿ ನಿಲ್ಲುವ ಮರವೆಂದರೆ ತಲೆಬಾಗಿಲು ಮತ್ತು ಅಂಗಳದ ಚಕ್ಕಡಿ, ಅಷ್ಟೆ. ಸುತ್ತಲೂ ಹಲಗೆ ಹೊಡೆದ ಕಟ್ಟಡವನ್ನೇ ನೋಡಬೇಕೆಂದರೆ ಬಸ್ಸು ನಿಲ್ಲುವಲ್ಲಿಗೆ ಹೋಗಬೇಕು. ಅಲ್ಲಿ ಗೂಡಂಗಡಿ ಇರುತ್ತದೆ.

ಪ್ಯಾಕಿಂಗ್ ಪೆಟ್ಟಿಗೆ ಒಡೆದು ತೆಗೆದ ಹಲಗೆ, ಮೇಲೊಂದು ತಗಡು, ಕೆಳಗೆ ನಾಲ್ಕು ಕಲ್ಲು. ಬೀಡಿ, ಎಲೆ-ಅಡಿಕೆ, ಶಾಂಪೂ ಚೀಟಿ ಮಾರುವ ಈ ಗೂಡನ್ನು ಯಾರೂ ವಾಸ್ತುಶಿಲ್ಪದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹೊರಗೆ ನಿಂತ ಹಲಗೆ ಹತ್ತಿಪ್ಪತ್ತು ವರ್ಷದಲ್ಲಿ ಏನಾಗುತ್ತದೆ ಎಂದು ತಿಳಿಯಲು ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಆ ಪಾಠದ ಅಗತ್ಯ ಈಗ ಬಂದಿದೆ. ಹೊಲದ ನಡುವೆ ಪಂಪ್‌ಸೆಟ್ಟಿನ ಕೋಣೆ ಇದ್ದಲ್ಲಿ ಈಗ ತೋಟದ ಮನೆ ಏಳುತ್ತಿದೆ. ಬೆಂಗಳೂರಿನಲ್ಲಿ ದುಡಿದು ಊರ ನೆನಪಿಗೆಂದು ಎರಡು ಕೋಣೆ ಕಟ್ಟಿಸುವವರು ಮೊಬೈಲಿನಲ್ಲಿ ಯಾವುದೋ ದೇಶದ ಚಿತ್ರ ತೋರಿಸಿ, ಗೋಡೆಗೆ ಜೇನುಬಣ್ಣದ ಹಲಗೆಯ ಹೊದಿಕೆ ಬೇಕು ಎನ್ನುತ್ತಾರೆ. ಮೊದಲ ಯುಗಾದಿಗೆ ಜೇನುಬಣ್ಣ ಮಂಕಾಗುತ್ತದೆ. ಎರಡನೆಯದಕ್ಕೆ ಬೂದಿ. ಆಗ ಬಡಿಗೇರರಿಗೆ ಫೋನು ಹೋಗುತ್ತದೆ: "ನಿಮ್ಮ ಹಲಗಿ ಕೆಟ್ಟು ಹೋತಲ್ರಿ."

ಕೆಟ್ಟಿಲ್ಲ. ಅದಕ್ಕೆ ನರೆ ಬಂದಿದೆ.

ನರೆ ಹೇಗೆ ಬರುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಓದಿ ಮುಗಿಸಿದ ಪತ್ರಿಕೆಯನ್ನು ನಾಲ್ಕು ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಬಿಡಿ, ಅರಿಸಿನ ಹಚ್ಚಿದಂತೆ ಹಳದಿಯಾಗುತ್ತದೆ. ಪತ್ರಿಕೆಯ ಕಾಗದ ಅಗ್ಗದ್ದು, ಮರವನ್ನು ಅರೆದು ಮಾಡಿದ್ದು. ಮರದೊಳಗಿನ ಲಿಗ್ನಿನ್ ಎಂಬ ಅಂಟು ಅದರಲ್ಲಿ ಹಾಗೆಯೇ ಉಳಿದಿರುತ್ತದೆ. ಮರದ ಮುಖ್ಯ ಸರಕು ಮೂರು. ನೂಲಿನಂತೆ ಉದ್ದಕ್ಕೆ ಹಾದುಹೋಗುವ ಸೆಲ್ಯುಲೋಸ್ ಸುಮಾರು ಶೇ 40ರಿಂದ 45. ಆ ನೂಲುಗಳನ್ನು ಹಿಡಿದಿಡುವ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ತಲಾ ಕಾಲು ಭಾಗದ ಆಸುಪಾಸು. ಮೂರರಲ್ಲಿ ಬಿಸಿಲಿನ ನೇರಳಾತೀತ ಕಿರಣವನ್ನು ಹೆಚ್ಚಾಗಿ ಹೀರಿಕೊಳ್ಳುವುದು ಲಿಗ್ನಿನ್. ಹೀರಿಕೊಂಡು ಒಡೆಯುತ್ತದೆ, ಹಳದಿಯಿಂದ ಕಂದಾಗುತ್ತದೆ. ಒಡೆದ ಚೂರುಗಳು ನೀರಿನಲ್ಲಿ ಕರಗುವಂಥವು. ಮಳೆ ಬಂದು ಅವನ್ನು ತೊಳೆದೊಯ್ದಾಗ ಹಿಂದೆ ಉಳಿಯುವುದು ಬಿಳಿಚಿದ ನಾರು. ಆ ನಾರಿನ ಮೇಲೆ ಬರಿಗಣ್ಣಿಗೆ ಕಾಣದ ಕಪ್ಪು ಬೂಷ್ಟು ಚುಕ್ಕೆಚುಕ್ಕೆಯಾಗಿ ಕೂರುತ್ತದೆ. ಬಿಳಿಗೆ ಕಪ್ಪು ಬೆರೆತು ಬೂದಿ ಬಣ್ಣ.

ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಬೆಳಕಿಗೆ ಮರದ ಮೈ ಹೇಗೆ ಸವೆಯುತ್ತದೆ, ಯಾವ ಲೇಪ ಅದನ್ನು ತಡೆಯುತ್ತದೆ ಎಂಬುದರ ಅಧ್ಯಯನ ಬಹುಕಾಲದಿಂದ ನಡೆದಿದೆ. ಮನೆ ಕಟ್ಟಿಸುವವರ ಕಿವಿಗೆ ಬೀಳಬೇಕಾದ ಸಂಗತಿಯೆಂದರೆ ಆಳದ ಲೆಕ್ಕ. ನೇರಳಾತೀತ ಕಿರಣ ಮರದೊಳಗೆ ಇಳಿಯುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಬೂದಿ ಬಣ್ಣವನ್ನು ಉಳಿಯಿಂದ ಒಮ್ಮೆ ಎತ್ತಿದರೆ ಒಳಗೆ ಮರ ಹೊಚ್ಚ ಹೊಸತು. ಮೇಲಿನ ನಾರು ಗಾಳಿ, ಮರಳು, ಮಳೆಗೆ ಉದುರುತ್ತದೆ, ಕೆಳಗಿನದು ಬಿಸಿಲು ಕಾಣುತ್ತದೆ, ಮತ್ತೆ ನರೆಯುತ್ತದೆ. ಈ ಸವೆತ ಬಲು ನಿಧಾನ. ಅಮೆರಿಕದ ಮ್ಯಾಡಿಸನ್ನಿನ ಅರಣ್ಯೋತ್ಪನ್ನ ಪ್ರಯೋಗಾಲಯದವರು ಅಳೆದಂತೆ ಪೈನ್‌ನಂಥ ಮೆದು ಮರ ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಸವೆಯುತ್ತದೆ, ಗಟ್ಟಿ ಮರ ಅದರ ಅರ್ಧ. ನಮ್ಮ ಬಿಸಿಲಿನ ಮರ್ಯಾದೆಗೆಂದು ಅದನ್ನು ಇಮ್ಮಡಿ ಮಾಡಿಕೊಳ್ಳೋಣ. ಆಗಲೂ ಮುಕ್ಕಾಲು ಇಂಚಿನ ಹಲಗೆ ಮೊಮ್ಮಕ್ಕಳ ಕಾಲಕ್ಕೆ ಗೋಡೆಯ ಮೇಲೆ ಇರುತ್ತದೆ.

ಮುದಿ ಹಲಗೆಯ ಮೇಲೆ ಅಂಗೈ ಆಡಿಸಿದರೆ ಬದುಬದುವಾಗಿ ಗೆರೆ ಸಿಗುತ್ತದೆ. ಮರ ವೇಗವಾಗಿ ಬೆಳೆದ ಕಾಲದ ಮೆದು ಪಟ್ಟಿ ಬೇಗ ಸವೆದು, ನಿಧಾನಕ್ಕೆ ಬೆಳೆದ ಗಟ್ಟಿ ಪಟ್ಟಿ ಎದ್ದು ನಿಂತಿರುತ್ತದೆ. ಈ ಸಡಿಲ ನಾರಿಗೆ ಗಿರಾಕಿಯೂ ಉಂಟು. ಮುಂಜಾನೆ ಹೊತ್ತು ಕಡಜ ಬಂದು ಹಳೆಯ ಹಲಗೆಗೆ ಬಾಯಿ ಹಚ್ಚಿ ಕೆರೆಯುವುದನ್ನು ನೋಡಿರಬಹುದು. ಕೆರೆದ ನಾರನ್ನು ಎಂಜಲಲ್ಲಿ ಕಲಸಿ ಅದು ಬೂದುಬಣ್ಣದ ಕಾಗದದ ಗೂಡು ಕಟ್ಟುತ್ತದೆ. ಲಿಗ್ನಿನ್ ತೆಗೆದು ನಾರು ಉಳಿಸಿಕೊಳ್ಳುವುದಕ್ಕೆ ಕಾಗದದ ಕಾರ್ಖಾನೆಗೆ ರಾಸಾಯನಿಕ ಬೇಕು. ಕಡಜಕ್ಕೆ ಆ ಕೆಲಸವನ್ನು ಸೂರ್ಯನೇ ಮಾಡಿಕೊಟ್ಟಿರುತ್ತಾನೆ.

ಹಾಗಾದರೆ ಹಲಗೆ ಸಾಯುವುದು ಯಾವುದರಿಂದ? ನೀರಿನಿಂದ. ಅದೂ ಬಂದು ಹೋಗುವ ನೀರಿನಿಂದಲ್ಲ, ನಿಂತ ನೀರಿನಿಂದ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಮರದ ತೇವ ಒಣತೂಕದ ಶೇ 20 ದಾಟಬೇಕು. ಶೇ 28-30ರ ಆಚೆ ಹೋದರೆ ಅದಕ್ಕೆ ಹಬ್ಬ. ಹೊಳಲಿನ ಬೇಸಿಗೆಯ ಒಣಗಾಳಿಯಲ್ಲಿ ಹಲಗೆಯ ತೇವ ಶೇ 7-8ರ ಹತ್ತಿರಕ್ಕೆ ಇಳಿಯುತ್ತದೆ, ಮಳೆಗಾಲದಲ್ಲಿ 14-15ಕ್ಕೆ ಏರುತ್ತದೆ. ಮಳೆ ಬಿದ್ದ ದಿನ ನೆನೆದರೂ ಮಾರನೆಯ ದಿನದ ಬಿಸಿಲಿಗೆ ಒಣಗುತ್ತದೆ. ಬಯಲುಸೀಮೆಯ ಈ ಆಕಾಶ ಮರಕ್ಕೆ ಎಷ್ಟು ಅನುಕೂಲದ್ದು ಎಂದು ತಿಳಿಯಬೇಕಾದರೆ ಆಗುಂಬೆಯ ಹಲಗೆಯನ್ನು ಕೇಳಬೇಕು. ಅಲ್ಲಿ ಅದು ಬೆಳ್ಳಿಬಣ್ಣಕ್ಕೆ ತಿರುಗುವ ಮೊದಲೇ ಪಾಚಿ ಹಿಡಿದು ಹಸಿರಾಗಿ, ಕಪ್ಪಾಗಿ ಕೂತಿರುತ್ತದೆ.

ಇಷ್ಟು ಅನುಕೂಲವಿದ್ದೂ ನಮ್ಮ ತೋಟದ ಮನೆಗಳ ಹಲಗೆ ಕೊಳೆಯುತ್ತದೆ. ಏಕೆಂದರೆ ನಾವು ಅದನ್ನು ತೋಟದಲ್ಲಿ ಇಟ್ಟಿದ್ದೇವೆ. ಹೊಲದ ನಡುವಿನ ಗೋಡೆಗೆ ಮಳೆ ಸುರಿಯುವ ದಿನಗಳನ್ನು ಎಣಿಸಿ ಹೇಳಬಹುದು. ತೋಟದ ನಡುವಿನ ಗೋಡೆಗೆ ಮಳೆ ದಿನಾಲೂ. ಅಂದಕ್ಕೆಂದು ಬೆಳೆಸಿದ ಹುಲ್ಲಿಗೆ ಸ್ಪ್ರಿಂಕ್ಲರ್ ತಿರುಗುತ್ತದೆ, ತಿರುಗಿದಾಗಲೆಲ್ಲ ಗೋಡೆಯ ಕೆಳಗಿನ ಮೂರು ಹಲಗೆಗೆ ಚಿಮುಕಿಸುತ್ತದೆ. ಹಡಗಲಿ ಮಲ್ಲಿಗೆ ಭೌಗೋಳಿಕ ಸೂಚಕ ಪಡೆದ ಹೂವು. ಊರ ಅಭಿಮಾನಕ್ಕೆ ಗೋಡೆಗೆ ಒತ್ತಿಯೇ ಅದರ ಪಾತಿ, ಪಾತಿಗೆ ಗೊಬ್ಬರ, ಗೊಬ್ಬರಕ್ಕೆ ನೀರು. ವರ್ಷವರ್ಷವೂ ಮಣ್ಣು ಏರಿಸುತ್ತ ಹೋದಂತೆ ಕೆಳಗಿನ ಹಲಗೆ ನೆಲದೊಳಗೆ ಇಳಿಯುತ್ತದೆ. ಹಲಗೆ ಇಳಿಯುವುದಿಲ್ಲ, ನೆಲ ಏರುತ್ತದೆ. ಎರಡರ ಫಲ ಒಂದೇ. ಬರದ ನಾಡಿನಲ್ಲಿ ಒಂದು ಗೋಡೆಗೆ ನಾವೇ ಮಲೆನಾಡು ತಂದು ಕಟ್ಟಿದಂತಾಯಿತು. ಯಜಮಾನರ ಕಣ್ಣು ಮಾತ್ರ ಮೇಲಿನ ಬೂದಿ ಬಣ್ಣದ ಮೇಲೆ.

ನೀರು ಹಲಗೆಯೊಳಗೆ ಹೋಗುವ ದಾರಿಯನ್ನೂ ತಿಳಿದಿರಬೇಕು. ಜೋಳದ ದಂಟಿನ ಕಟ್ಟನ್ನು ನೆನೆಸಿಕೊಳ್ಳಿ. ಪಕ್ಕದಿಂದ ನೀರು ಚೆಲ್ಲಿದರೆ ಜಾರುತ್ತದೆ, ಬುಡವನ್ನು ನೀರಿಗೆ ಇಟ್ಟರೆ ಹೀರಿಕೊಳ್ಳುತ್ತದೆ. ಹಲಗೆಯೂ ಕೊಳವೆಗಳ ಕಟ್ಟೇ. ಗರಗಸ ಆಡಿದ ಅಡ್ಡ ತುದಿ ಕುಡಿಯುವ ವೇಗಕ್ಕೂ ಅಗಲ ಮೈ ಕುಡಿಯುವ ವೇಗಕ್ಕೂ ಅಜಗಜಾಂತರ. ಉದ್ದುದ್ದ ನಿಲ್ಲಿಸಿದ ಹಲಗೆಯ ಕೆಳತುದಿ ಸಿಮೆಂಟಿನ ಕಟ್ಟೆಗೆ ತಾಕಿ ಕೂತಿದ್ದರೆ, ಮುಖಕ್ಕೆ ಎಷ್ಟು ವಾರ್ನಿಶ್ ಬಳಿದರೂ ಅದು ದಂಟಿನಂತೆ ಕೆಳಗಿನಿಂದ ಕುಡಿಯುತ್ತಲೇ ಇರುತ್ತದೆ. ನೆಲದಿಂದ ಒಂದು ಗೇಣು ಮೇಲೆ ಹಲಗೆ ಮುಗಿಯಬೇಕು. ಕೆಳತುದಿಯನ್ನು ಒಳಮುಖವಾಗಿ ಓರೆ ಕೊಯ್ದಿರಬೇಕು, ಹನಿ ಮುಂದಿನ ಅಂಚಿಗೆ ಬಂದು ಉದುರಿ ಹೋಗುವಂತೆ. ಕೊಯ್ದ ತುದಿಗೆ ಎಣ್ಣೆಯನ್ನೋ ಬಣ್ಣವನ್ನೋ ಅದು ಸಾಕೆನ್ನುವವರೆಗೆ ಕುಡಿಸಬೇಕು. ಕೂಲಿ ಲೆಕ್ಕದಲ್ಲಿ ಇದು ಅರ್ಧ ದಿನದ ಕೆಲಸ. ಹೆಚ್ಚಿನ ಕಡೆ ಬಿಟ್ಟುಹೋಗುವುದೂ ಇದೇ.

ಗೂಡಂಗಡಿಗೆ ಈ ಜ್ಞಾನ ಬಂದದ್ದು ಬೇರೆ ಕಾರಣಕ್ಕೆ. ರಸ್ತೆ ಅಗಲ ಮಾಡುವವರು ಯಾವತ್ತು ಬಂದು "ಎತ್ರಿ" ಅನ್ನುತ್ತಾರೋ ಗೊತ್ತಿಲ್ಲ, ಆದ್ದರಿಂದ ಅದು ನೆಲಕ್ಕೆ ಅಂಟುವಂತಿಲ್ಲ. ನಾಲ್ಕು ಕಲ್ಲಿನ ಮೇಲೆ ಕೂರುತ್ತದೆ. ಅಡಿಯಲ್ಲಿ ಗಾಳಿ ಆಡುತ್ತದೆ, ನಾಯಿ ಮಲಗುತ್ತದೆ, ಹಲಗೆ ಒಣಗುತ್ತದೆ. ಒತ್ತುವರಿ ತೆರವಿನ ಭಯ ಮರಕ್ಕೆ ಇಷ್ಟು ಉಪಕಾರ ಮಾಡಿದ್ದು ಯಾವ ಇಲಾಖೆಯ ದಾಖಲೆಯಲ್ಲೂ ಸಿಗಲಿಕ್ಕಿಲ್ಲ.

ಕಲ್ಲಿನ ಮೇಲೆ ಮರ ನಿಲ್ಲಿಸುವುದು ದೊಡ್ಡವರ ಮನೆಯ ವಿದ್ಯೆಯೂ ಹೌದು. ಹೈದರಾಲಿ 1781ರಲ್ಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ಬೆಂಗಳೂರು ಕೋಟೆಯ ಬೇಸಿಗೆ ಅರಮನೆಯ ತೇಗದ ಕಂಬಗಳನ್ನು ನೋಡಿ, ಒಂದೂ ನೆಲ ಮುಟ್ಟಿಲ್ಲ. ಪ್ರತಿಯೊಂದರ ಕೆಳಗೂ ಕಲ್ಲಿನ ಪೀಠ. ತೋಟದ ಕಟ್ಟಡವೇ ಬೇಕೆಂದರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. 1784ರ ದರಿಯಾ ದೌಲತ್ ಹೆಸರಿನಲ್ಲೇ ಬಾಗ್ ಇದೆ; ಕಾವೇರಿ ದಂಡೆಯ ತೋಟದ ನಡುವೆ ತೇಗದಲ್ಲಿ ಕಟ್ಟಿದ ಬೇಸಿಗೆ ಮನೆ ಅದು. ನೀರಿನ ಪಕ್ಕ, ಹಸಿರಿನ ನಡುವೆ ಮರದ ಮನೆ ಎರಡು ಶತಮಾನ ದಾಟಿ ನಿಂತದ್ದು ತೇಗದ ಗುಣ ಒಂದರಿಂದಲೇ ಅಲ್ಲ. ಎತ್ತರದ ಜಗಲಿಯ ಮೇಲೆ ಕಟ್ಟಡ, ಸುತ್ತ ಅಗಲವಾದ ಮೊಗಸಾಲೆ, ಗೋಡೆ ಬಲು ಒಳಗೆ. ಆ ಗೋಡೆಯ ಮೇಲಿನ ಪೊಳ್ಳಿಲೂರು ಕದನದ ಚಿತ್ರಗಳಿಗೆ ಬಿಸಿಲು ತಾಕದಿರಲೆಂದು ಹೊರಗೆ ಹಸಿರು ಪರದೆ ಬೇರೆ ಇಳಿಬಿಟ್ಟಿದ್ದಾರೆ. ಒಳಗೆ ಕತ್ತಲೆ ಎಂದು ಪ್ರವಾಸಿಗರು ಗೊಣಗುತ್ತಾರೆ, ನಾನೂ ಗೊಣಗಿದ್ದೇನೆ. ಲಿಗ್ನಿನ್ ಕತೆ ಗೊತ್ತಾದ ಮೇಲೆ ಬಾಯಿ ಮುಚ್ಚಿದೆ.

ದೂರದ ನಾರ್ವೆಯಲ್ಲಿ ಇದೇ ಪಾಠವನ್ನು ಪೆಟ್ಟು ತಿಂದು ಕಲಿತರು. ಅಲ್ಲಿನ ಹಳೆಯ ಮರದ ಇಗರ್ಜಿಗಳ ಕಂಬಗಳನ್ನು ನೆಲದಲ್ಲಿ ಹುಗಿದು ನಿಲ್ಲಿಸುತ್ತಿದ್ದರು, ಅವೆಲ್ಲ ಬುಡ ಕೊಳೆತು ಹೋದವು. ಆಮೇಲಿನವರು ಕಲ್ಲಿನ ಸಾಲಿನ ಮೇಲೆ ಅಡ್ಡತೊಲೆ ಇಟ್ಟು ಅದರ ಮೇಲೆ ಕಟ್ಟಿದರು. ಬೋರ್ಗುಂಡ್ ಎಂಬಲ್ಲಿ ಹಾಗೆ 12ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು, ಟಾರು ಬಳಿಸಿಕೊಳ್ಳುತ್ತ ಇಂದಿಗೂ ನಿಂತಿದೆ. ಮಹಾರಾಷ್ಟ್ರದ ಕಾರ್ಲಾ ಗುಹೆಯದು ಇನ್ನೂ ಸೋಜಿಗ. ಅಲ್ಲಿನ ಚೈತ್ಯದ ಕಲ್ಲಿನ ಕಮಾನಿಗೆ ಜೋಡಿಸಿದ ಮರದ ಪಕ್ಕೆಲುಬುಗಳಿಗೆ ಸುಮಾರು 2000 ವರ್ಷ. ಬಿಸಿಲಿಲ್ಲ, ಮಳೆಯಿಲ್ಲ, ನೆಲದ ಸಂಪರ್ಕವಿಲ್ಲ. ಬರೀ ವಯಸ್ಸಿನಿಂದ ಮರ ಸಾಯುವುದಿಲ್ಲ.

ಇನ್ನು ದಿಕ್ಕಿನ ಮಾತು. ಯುರೋಪಿನ ಕೈಪಿಡಿಗಳು ದಕ್ಷಿಣದ ಗೋಡೆಗೆ ಬಿಸಿಲು ಹೆಚ್ಚು, ಅದನ್ನು ಕಾಯಿರಿ ಎನ್ನುತ್ತವೆ. ಅದನ್ನೇ ಇಲ್ಲಿ ಕಣ್ಣುಮುಚ್ಚಿ ಒಪ್ಪಿಸುವವರಿದ್ದಾರೆ. ಹೊಳಲು ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ಕಾಲದಲ್ಲಿ ದಕ್ಷಿಣಕ್ಕೆ ವಾಲಿದರೂ, ಚಳಿಗಾಲ ಬಿಟ್ಟರೆ ನಡುಹಗಲಿನಲ್ಲಿ ನೆತ್ತಿಯ ಹತ್ತಿರವೇ ಇರುತ್ತಾನೆ, ಆಗ ಒಂದೂವರೆ ಅಡಿಯ ಸೂರು ದಕ್ಷಿಣದ ಗೋಡೆಯ ಬಹುಭಾಗಕ್ಕೆ ನೆರಳಾಗುತ್ತದೆ. ಇಲ್ಲಿ ಕಷ್ಟ ಪಶ್ಚಿಮದ ಗೋಡೆಗೆ. ಇಳಿಹೊತ್ತಿನ ಬಿಸಿಲು ಸೂರಿನ ಅಡಿಯಿಂದ ನುಗ್ಗುತ್ತದೆ. ಮುಂಗಾರಿನ ಗಾಳಿಯೂ ಆ ಕಡೆಯಿಂದಲೇ ಎರಚಲು ತರುತ್ತದೆ. ಸುಡುವುದೂ ತೊಳೆಯುವುದೂ ಒಂದೇ ಗೋಡೆಯ ಮೇಲೆ. ಹೊಸ ಹಲಗೆ ಮೊದಲು ನರೆಯುವುದು, ಮೊದಲು ಬಿರಿಯುವುದು ಅಲ್ಲೇ. ಕೈಯಲ್ಲಿ ಕಾಸು ಕಡಿಮೆಯಿದ್ದರೆ ಒಳ್ಳೆಯ ಹಲಗೆಯನ್ನು ಪಶ್ಚಿಮಕ್ಕೆ ಹಾಕಿ, ಉಳಿದದ್ದನ್ನು ಎಲ್ಲಿ ಬೇಕಾದರೂ ಹೊಡೆಯಿರಿ.

ಒಳ್ಳೆಯ ಹಲಗೆ ಎಂದರೆ ಚೇಗಿನ ಹಲಗೆ. ಮರದ ಜಾತಿಗಿಂತ ಮೊದಲು ನೋಡಬೇಕಾದ್ದು ಇದು. ತೇಗವೇ ಆದರೂ ಹೊರಗಿನ ಬಿಳಿ ಭಾಗ ಗೆದ್ದಲಿಗೆ, ಕುಟ್ಟೆ ಹುಳಕ್ಕೆ ಬೆಲ್ಲ. ಎಣ್ಣೆಯಂಶ, ಕಹಿ ಇರುವುದೆಲ್ಲ ನಡುವಿನ ಚೇಗಿನಲ್ಲಿ. ಎಳೆ ಮರ ಕೊಯ್ದು ತಂದ ಅಗ್ಗದ ತೇಗದಲ್ಲಿ ಚೇಗಿಗಿಂತ ಬಿಳಿಯೇ ಜಾಸ್ತಿ. ಗೂಡಂಗಡಿಗೆ ಬರುವ ಪೆಟ್ಟಿಗೆ ಹಲಗೆ ಹೆಚ್ಚಾಗಿ ಹೊರದೇಶದ ಪೈನ್. ಅದರ ಮೇಲೆ ಕಾಣುವ ಎಚ್‌ಟಿ ಎಂಬ ಮುದ್ರೆಯನ್ನು ನೋಡಿ "ಟ್ರೀಟ್ ಮಾಡಿದ ಮರ, ಗೆದ್ದಲು ಹಿಡಿಯೋದಿಲ್ಲ" ಎಂದು ಮಾರುವವರಿದ್ದಾರೆ. ಹಡಗು ಹತ್ತುವ ಮೊದಲು ಮರದ ಒಳತಿರುಳನ್ನು 56 ಡಿಗ್ರಿ ಶಾಖದಲ್ಲಿ 30 ನಿಮಿಷ ಇಟ್ಟಿದ್ದರು ಎಂಬುದಷ್ಟೇ ಅದರ ಅರ್ಥ. ಆವತ್ತು ಒಳಗಿದ್ದ ಹುಳ ಸತ್ತವು. ಹೊಳಲಿನ ಗೆದ್ದಲಿಗೂ ಆ ಮುದ್ರೆಗೂ ಸಂಬಂಧವಿಲ್ಲ.

ಮರ ಉಸಿರಾಡುತ್ತದೆ ಎನ್ನುತ್ತಾರಲ್ಲ, ಅದನ್ನು ಅಳೆಯಬಹುದು. ನಮ್ಮ ಬೇಸಿಗೆ-ಮಳೆಗಾಲಗಳ ನಡುವಿನ ತೇವದ ಅಂತರಕ್ಕೆ ಆರು ಇಂಚು ಅಗಲದ ತೇಗದ ಹಲಗೆ ಹತ್ತಿರ ಹತ್ತಿರ 2 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ತೇಗ ಸಂಭಾವಿತ, ಬೇರೆ ಮರಗಳ ಆಟ ಇನ್ನೂ ಜೋರು. ಎರಡು ಅಂಚಿಗೂ ಮೊಳೆ ಜಡಿದು ಕಟ್ಟಿಹಾಕಿದರೆ ಚೈತ್ರದ ಒಂದು ರಾತ್ರಿ ಟಪ್ಪೆಂದು ಸೀಳುತ್ತದೆ. ಅದಕ್ಕೇ ಹಲಗೆಯನ್ನು ಒಂದರ ಮೇಲೊಂದು ಹಾಯಿಸಿ ಹೊಡೆಯುವುದು, ಅಥವಾ ಸಂದು ಬಿಟ್ಟು ಆ ಸಂದಿನ ಮೇಲೊಂದು ಪಟ್ಟಿ ಕೂರಿಸುವುದು. ಐಹೊಳೆಯ ಲಾಡಖಾನ್ ಗುಡಿಯ ಮೇಲ್ಛಾವಣಿಯನ್ನು ನೋಡಿದವರಿಗೆ ಇದು ಹೊಸದಲ್ಲ. ಚಪ್ಪಡಿ-ಚಪ್ಪಡಿಗಳ ಸಂದಿನ ಮೇಲೆ ಅಲ್ಲಿ ಉದ್ದುದ್ದ ಕಲ್ಲಿನ ಪಟ್ಟಿ ಇಟ್ಟಿದ್ದಾರೆ. ಬಡಗಿಯ ಕೆಲಸವನ್ನು ಕಲ್ಲುಕುಟಿಗ ಹಾಗೇ ಎತ್ತಿಕೊಂಡ. ಚಾಲುಕ್ಯರ ಕಾಲದ ಮರದ ಕಟ್ಟಡಗಳು ಉಳಿಯಲಿಲ್ಲ, ಅವುಗಳ ಹೊದಿಕೆಯ ಜಾಣ್ಮೆ ಕಲ್ಲಿನಲ್ಲಿ ಉಳಿದಿದೆ.

ಮೊಳೆಯ ಸಂಗತಿ ಬಂತು. ಜಾಲಿ ಹಲಗೆಗೆ ಕಬ್ಬಿಣದ ಮೊಳೆ ಹೊಡೆದರೆ ಮೊದಲ ಮಳೆಗೇ ಮೊಳೆಯ ತಲೆಯಿಂದ ಕಪ್ಪು ಕಣ್ಣೀರು ಇಳಿಯುತ್ತದೆ. ಹಳಬರು ಅಣಲೆಕಾಯಿಯ ಒಗರಿಗೆ ಕಬ್ಬಿಣ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದರು. ಇಲ್ಲಿ ಮೊಳೆ, ಮಳೆ, ಜಾಲಿಯ ಒಗರು ಮೂರೂ ಸೇರಿ ಅದೇ ಮಸಿ ನಿಮ್ಮ ಗೋಡೆಯ ಮೇಲೆ ತಯಾರಾಗುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ದುಬಾರಿ ಎನ್ನುವವರು ಗೋಡೆ ಬರೆಯುವ ಈ ಪತ್ರವನ್ನು ಓದಿಕೊಂಡಿರಬೇಕಾಗುತ್ತದೆ.

ವಾರ್ನಿಶ್ ಬಗ್ಗೆ ನನ್ನದು ಸ್ವಲ್ಪ ಕಟುವಾದ ಅಭಿಪ್ರಾಯ. ಬಿಸಿಲಿಗೆ ನಿಂತ ಹಲಗೆಗೆ ಗಾಜಿನಂಥ ಮಿರುಗು ವಾರ್ನಿಶ್ ಹಾಕುವುದು ದುಡ್ಡು ಕೊಟ್ಟು ಜಗಳ ತಂದಂತೆ. ಪಾರದರ್ಶಕ ಪದರದ ಮೂಲಕ ಕಿರಣ ಒಳಗೆ ಹೋಗಿ ಲಿಗ್ನಿನ್ ಒಡೆಯುತ್ತದೆ, ಪದರಕ್ಕೆ ಹಿಡಿತ ತಪ್ಪುತ್ತದೆ, ಹಾವಿನ ಪೊರೆಯಂತೆ ಏಳುತ್ತದೆ. ಪೊರೆಯ ಬಿರುಕಿನಲ್ಲಿ ಹೊಕ್ಕ ನೀರು ಹೊರಬರಲಾರದೆ ಅಲ್ಲೇ ಕೂರುತ್ತದೆ. ಬಿಸಿಲನ್ನು ತಡೆಯಬೇಕಾದರೆ ಬಣ್ಣವಿರುವ ಏನಾದರೂ ಬೇಕು. ಅಗ್ಗದ್ದೂ ಗಟ್ಟಿಯಾದದ್ದೂ ಕಬ್ಬಿಣದ ಕೆಂಪು. ಸ್ವೀಡನ್ನಿನ ಫಾಲುನ್ ತಾಮ್ರದ ಗಣಿಯ ಕೆಂಪು ಮಣ್ಣನ್ನು ಹಿಟ್ಟು, ಅಗಸೆ ಎಣ್ಣೆಯ ಜೊತೆ ಕುದಿಸಿ ಬಳಿದ ಕೊಟ್ಟಿಗೆಗಳಿಂದಲೇ ಆ ದೇಶದ ಹಳ್ಳಿಗಳು ಕೆಂಪಗಿರುವುದು. ಸಂಡೂರಿನ ಧೂಳು ಕಂಡ ನಮಗೆ ಆ ಬಣ್ಣದ ಪರಿಚಯ ಬೇಕಿಲ್ಲ. ಅಗಸೆಯೂ ಉತ್ತರ ಕರ್ನಾಟಕದ ಹೊಲದ್ದೇ, ನಾವದನ್ನು ಚಟ್ನಿಪುಡಿಗೆ ಕಳಿಸುತ್ತೇವೆ. ಹಸಿ ಎಣ್ಣೆಯನ್ನು ಹಾಗೇ ಬಳಿದರೆ ತಿಂಗಳಾದರೂ ಆರದೆ ಬೂಷ್ಟಿಗೆ ಊಟವಾಗುತ್ತದೆ. ಕುದಿಸಿ ಹದ ಮಾಡಿದ್ದು ಬೇಕು, ತೆಳ್ಳಗೆ ಬೇಕು, ಎರಡು-ಮೂರು ವರ್ಷಕ್ಕೊಮ್ಮೆ ಮತ್ತೆ ಬೇಕು. ಅಷ್ಟು ತಾಳ್ಮೆ ಇಲ್ಲವೆಂದರೆ ಏನೂ ಬಳಿಯದೆ ನರೆಯಲು ಬಿಡುವುದು ಎಷ್ಟೋ ಮೇಲು.

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರರ ತೇರು ರಥೋತ್ಸವದ ಹೊತ್ತಿನಲ್ಲೇ ವಾಲಿ ಬಿತ್ತು. ಅಂದಿನಿಂದ ಯಾವ ಊರಿನ ತೇರು ಕಂಡರೂ ನನ್ನ ಕಣ್ಣು ಕಳಸಕ್ಕೆ ಏರುವ ಮೊದಲು ಅಚ್ಚಿಗೆ, ಗಾಲಿಗೆ ಇಳಿಯುತ್ತದೆ. ತೋಟದ ಮನೆಯ ಮುಂದೆಯೂ ಅದೇ ಚಟ. ಅನುಭವಿ ಬಡಿಗೇರರು ಮಾಡುವುದೂ ಅದನ್ನೇ. ನರೆತ ಮುಖವನ್ನು ಅವರು ನೋಡುವುದಿಲ್ಲ. ಕುಕ್ಕರುಗಾಲಲ್ಲಿ ಕೂತು ಕೆಳಗಿನ ಹಲಗೆಗೆ ಸ್ಕ್ರೂಡ್ರೈವರ್ ತುದಿ ಒತ್ತುತ್ತಾರೆ. ಗಟ್ಟಿ ಮರ ಹಿಮ್ಮೆಟ್ಟಿಸುತ್ತದೆ, ಕೊಳೆತದ್ದು ಬಾಳೆಹಣ್ಣಿನಂತೆ ಒಳಗೆ ಬಿಟ್ಟುಕೊಳ್ಳುತ್ತದೆ. ಕಲ್ಲಿನ ಮೇಲೆ ಮಣ್ಣಿನ ಗೆರೆ ಏರಿದೆಯೇ ಎಂದು ನೋಡುತ್ತಾರೆ, ಏಕೆಂದರೆ ಕಲ್ಲು ಗೆದ್ದಲನ್ನು ತಡೆಯದಿದ್ದರೂ ಅದರ ದಾರಿಯನ್ನು ಬಯಲಿಗೆ ತರುತ್ತದೆ.

ಬಸ್ಸು ನಿಲ್ಲುವಲ್ಲಿಯ ಗೂಡಂಗಡಿಗೆ ಮತ್ತೆ ಬಂದರೆ, ಅದರ ಹಲಗೆಗಳ ವಯಸ್ಸು ಒಂದೇ ಅಲ್ಲ ಎಂಬುದು ಈಗ ಕಣ್ಣಿಗೆ ಬೀಳುತ್ತದೆ. ತಗಡಿನ ಸೂರಿನ ಅಡಿಯವು ಇನ್ನೂ ಕಂದು, ನಡುವಿನವು ಬೆಳ್ಳಿಬೂದಿ. ಬಸ್ಸಿನ ಗಾಲಿ ಕೆಸರು ಹಾರಿಸುವ ಕೆಳಸಾಲಿನಲ್ಲಿ ಮಾತ್ರ ಒಂದು ಹಲಗೆ ಹಳದಿಯಾಗಿ ಹೊಳೆಯುತ್ತಿರುತ್ತದೆ. ಅದನ್ನು ಈಚೆಗೆ ಬದಲಿಸಿದ್ದಾರೆ, ನಾಲ್ಕೇ ಮೊಳೆಯ ಕೆಲಸ. ಇನ್ನೊಂದು ಮಳೆಗಾಲ ಕಳೆದರೆ ಯಾವುದು ಹೊಸತು ಎಂದು ಅಂಗಡಿಯವರಿಗೂ ತಿಳಿಯಲಿಕ್ಕಿಲ್ಲ.